ಕಳ್ಳ ಬರೆದಿಟ್ಟು ಹೋದ ದೃಶ್ಯ

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಕೊಟ್ಟೂರು ಠಾಣೆಗೆ ದೂರು ತಂದವರು ನಾಟಕದ ಕವಿ ಅಜ್ಜಯ್ಯ. ಸುತ್ತಲಿನ ಐದು ತಾಲ್ಲೂಕುಗಳಲ್ಲಿ ಮುಖಕ್ಕೆ ಬಣ್ಣ ಹಚ್ಚಿದ ಯಾರೂ ಅವರ ಮಾತು ಬಾಯಿಪಾಠ ಮಾಡದೆ ಉಳಿದಿಲ್ಲ. ಬರುವ ವಾರ ಅವರಿಗೆ ಸನ್ಮಾನ. ಅಭಿನಂದನ ಗ್ರಂಥ ಅಚ್ಚಿಗೆ ಹೋಗುವುದರಲ್ಲಿತ್ತು.

"ಏನು ಹೋಗೈತ್ರಿ?" ಪಿಎಸ್‌ಐ ರೇಣುಕಾ ಕೇಳಿದಳು.

"ಕಾಗದ. ಒಂದು ಟ್ರಂಕ್ ತುಂಬ. ಗ್ರಂಥದಾಗ ಹಾಕ್ಸಾಕ ತೆಗೆದಿಟ್ಟಿದ್ದೆ."

"ಯಾರು ಬರೆದದ್ದು?"

"ಅದು ಬ್ಯಾರೆ ವಿಷ್ಯ ಬಿಡ್ರಿ."

ಕಳವಿನ ಕೇಸಿನಲ್ಲಿ ಬೇರೆ ವಿಷಯ ಎಂಬುದೇ ಇರುವುದಿಲ್ಲ. ರೇಣುಕಾ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಓಬಳೇಶನೊಂದಿಗೆ ಅಜ್ಜಯ್ಯನವರ ಮನೆಗೆ ಹೋಗಿ ಪಂಚನಾಮೆ ಶುರು ಮಾಡಿದಳು. ಬೀಗ ಒಡೆದಿರಲಿಲ್ಲ. ಬೀಗದ ಕೈ ಬಾಗಿಲ ಪಕ್ಕದ ಗೂಡಿನಲ್ಲಿರುವುದು ಊರಿಗೆಲ್ಲ ಗೊತ್ತಿತ್ತು. ಮೇಜಿನ ಮೇಲಿದ್ದ ಹೊಸ ನಾಟಕದ ಹಾಳೆಗಳನ್ನು ತಿರುವುತ್ತಿದ್ದ ಅಜ್ಜಯ್ಯ ಇದ್ದಕ್ಕಿದ್ದಂತೆ ಕೂತುಬಿಟ್ಟರು. ಜೈಲಿನಿಂದ ಬಂದ ಮಗನಿಗೆ ತಾಯಿ ಬಾಗಿಲು ತೆರೆಯುವ ದೃಶ್ಯ ಬರೆಯಲಾಗದೆ ಅವರು ತಿಂಗಳುಗಟ್ಟಲೆ ಒದ್ದಾಡಿದ್ದರು. ಈಗ ಅದನ್ನು ಯಾರೋ ಪೂರ್ತಿ ಮಾಡಿಟ್ಟಿದ್ದರು.

ಓಬಳೇಶ ಗಟ್ಟಿಯಾಗಿ ಓದಿದ. ಪಂಚರಾಗಿ ಬಂದಿದ್ದ ನೆರೆಮನೆಯ ಭರಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ರೇಣುಕಾ ಆ ಹಾಳೆ ಇಸಿದುಕೊಂಡು ತಾನೂ ಇನ್ನೊಮ್ಮೆ ಓದಿದಳು. ಪಂಚನಾಮೆ ಸ್ವಲ್ಪ ಹೊತ್ತು ನಿಂತಿತು.

ಆಮೇಲೆ ಅವಳು ಅಜ್ಜಯ್ಯನವರನ್ನು ಹಿತ್ತಿಲಿಗೆ ಕರೆದಳು. "ಹಿಂಗ ಬರಿಯೋರು ಈ ಕಡೆ ಎಷ್ಟು ಮಂದಿ ಅದಾರ?"

"ಒಬ್ಬನ. ಮಾಗಳದ ಮೈಲಪ್ಪ."

"ನಿಮ್ಮ ವೈರಿ ಅಲ್ಲೇನ್ರಿ?"

ಇಬ್ಬರದೂ ಹಾವು ಮುಂಗುಸಿಯ ಸಂಬಂಧವೆಂದೇ ಲೋಕದ ನಂಬಿಕೆ. ಒಬ್ಬರ ನಾಟಕವಾದ ಊರಿಗೆ ಇನ್ನೊಬ್ಬರು ಕಾಲಿಡುತ್ತಿರಲಿಲ್ಲ. ವೇದಿಕೆ ಹತ್ತಿದರೆ ಒಬ್ಬರನ್ನೊಬ್ಬರು ಝಾಡಿಸುತ್ತಿದ್ದರು.

"ಅದು ಮಂದಿಗೆ," ಅಜ್ಜಯ್ಯ ಮೆತ್ತಗೆ ಹೇಳಿದರು. "ಜಗಳ ಇದ್ರ ನಾಟಕಕ್ಕ ಜನ ಬರ್ತಿದ್ರು. ಒಳಗ ಕಾಗದ ನಡೀತಿತ್ತು. ನನಗ ನಗ್ಸಾಕ ಬರ್ತೈತಿ, ಅಳ್ಸಾಕ ಬರಂಗಿಲ್ಲ. ನನ್ನ ನಾಟಕದಾಗ ಜನ ಅತ್ತದ್ದೆಲ್ಲ ಅವನ ಕಾಗದದಾಗ ಬಂದದ್ದು. ಸಾಯೋದ್ರಾಗ ಅದನ್ನ ಗ್ರಂಥದಾಗ ಹೇಳಿಬಿಡಬೇಕು ಅಂತ ಅವನಿಗೂ ಬರೆದಿದ್ದೆ."

ಮಾಗಳ ಸೇರಿದ್ದ ಹಡಗಲಿ ಠಾಣೆಗೆ ತಿಳಿಸಿ, ಸಂಜೆ ನಾಲ್ಕಕ್ಕೆ ಜೀಪು ಮಾಗಳ ತಲುಪಿತು. ಹೊಳೆಯ ಕಡೆಗಿದ್ದ ಮನೆಯ ಕಟ್ಟೆಯ ಮೇಲೆ ಕೂತಿದ್ದ ಮೈಲಪ್ಪ ತಾವೇ ಒಳಗೆ ಹೋಗಿ ಟ್ರಂಕು ಎಳೆದು ತಂದರು.

"ನೀವ ಕದ್ದಿರೇನು?"

"ಹೌದ್ರಿ."

"ದೃಶ್ಯ ಯಾಕ ಬರೆದ್ರಿ? ಅದ್ರಿಂದ ಸಿಕ್ಕಿಬಿದ್ರಿ."

"ಅರ್ಧಕ್ಕ ನಿಂತಿತ್ತು ಮೇಡಮ್. ನೋಡಿ ಹಂಗ ಹೆಂಗ ಬರ್ಲಿ?"

"ಈ ಕಾಗದದಿಂದ ನಿಮಗ ಹೆಸರು ಬರ್ತಿತ್ತು."

"ಅದಕ್ಕ ಕದ್ದೆ. ಅವನ ಸನ್ಮಾನದಾಗ ಜನ ಈ ಮಾತು ಯಾರ್ದು, ಆ ಮಾತು ಯಾರ್ದು ಅಂತ ಎಣಿಸ್ಕಂತ ಕುಂದರ್ತಾರ. ಆಮ್ಯಾಲೆ ಅವನ ನಾಟಕಕ್ಕ ಯಾರು ಅಳ್ತಾರ, ಯಾರು ನಗ್ತಾರ?"

ಟ್ರಂಕನ್ನು ಜಪ್ತಿ ಮಾಡಿ, ಮೈಲಪ್ಪನವರನ್ನು ಬಂಧಿಸಿ ಕೊಟ್ಟೂರಿಗೆ ತಂದರು. ಅಜ್ಜಯ್ಯ ಏದುಸಿರು ಬಿಡುತ್ತ ಠಾಣೆಗೆ ಬಂದರು.

"ದೂರು ವಾಪಸ್ ತಗೊಂತೀನ್ರಿ. ಇವನ್ನ ಬಿಡ್ರಿ, ಕಾಗದ ಕೊಡ್ರಿ."

"ಜಪ್ತಿ ಮಾಲು ಕೋರ್ಟಿಗೆ ಹೋಗ್ತೈತ್ರಿ," ಎಂದಳು ರೇಣುಕಾ. "ನೀವಿಬ್ರೂ ಅಲ್ಲಿ ರಾಜಿ ಆದ್ರ ಸಿಗಬಹುದು. ಕೇಸ್ ನಡದ್ರ ಕಾಗದ ಸದ್ಯಕ್ಕ ಹೊರಗ ಬರಂಗಿಲ್ಲ."

ಮೈಲಪ್ಪನವರ ಮುಖ ಅರಳಿತು. "ಹಂಗಾದ್ರ ರಾಜಿ ಬ್ಯಾಡ್ರಿ. ಕೇಸ್ ನಡೀಲಿ."

"ಲೇ ಮೈಲ, ನಿನ್ನ ಕಳ್ಳ ಅಂತಾರಲೇ."

"ಮೂವತ್ತು ವರ್ಷ ನಿನ್ನ ವೈರಿ ಅನ್ನಿಸ್ಕಂಡೀನಿ. ಅದರ ಮುಂದ ಇದೇನು ದೊಡ್ಡದು?"

ಓಬಳೇಶ ಮುಖ ತಿರುಗಿಸಿ ನಕ್ಕ. ರೇಣುಕಾಳಿಗೂ ನಗು ತಡೆಯಲಾಗಲಿಲ್ಲ. ಓಬಳೇಶ ತರಿಸಿದ ಮಂಡಕ್ಕಿ ಮಿರ್ಚಿಯನ್ನು ವೈರಿಗಳಿಬ್ಬರೂ ಒಂದೇ ಪೇಪರಿನಲ್ಲಿ ಹಂಚಿಕೊಂಡು, ಆ ತಾಯಿ ಬಾಗಿಲು ತೆರೆಯುವ ಮೊದಲು ಮಗನನ್ನು ಬೈಯಬೇಕೋ ಬೇಡವೋ ಎಂದು ಜಗಳವಾಡತೊಡಗಿದರು.

ಮರುದಿನ ಕೋರ್ಟಿನಲ್ಲಿ ಆರೋಪಿಗೆ ಜಾಮೀನಾಗಿ ನಿಂತವರು ದೂರುದಾರರೇ. ರಾಜಿಯ ಮಾತನ್ನು ಅವರು ಎತ್ತಲಿಲ್ಲ.

ಠಾಣೆಗೆ ಮರಳಿದ ರೇಣುಕಾ ಕೇಸ್ ಡೈರಿಯಲ್ಲಿ ಬರೆದಳು: "ಆರೋಪಿಯು ತನ್ನ ಗೆಳೆಯನ ಹೆಸರಿಗೆ ಕುಂದು ಬಾರದಿರಲೆಂದು ಸದರಿ ಕೃತ್ಯ ಎಸಗಿರುತ್ತಾನೆ." ಇಷ್ಟು ವರ್ಷದ ನೌಕರಿಯಲ್ಲಿ ಅಂಥ ಸಾಲನ್ನು ಅವಳು ಬರೆದಿರಲಿಲ್ಲ. ಬರೆದು ಅವಳಿಗೆ ಬಹಳ ಸಂತೋಷವಾಯಿತು.