ಮಾಸುಗನ್ನಡಿಯ ಗವಸು

ಇಸವಿ ೨೦೬೪ರ ಆಷಾಢದಲ್ಲಿ, ಮನುಕುಲದ ಮುಂದಿನ ದಾರಿಯನ್ನೇ ತೀರ್ಮಾನಿಸುವಂಥ ಪ್ರಶ್ನೆಯೊಂದು ನೀರಕಲ್ಲಿನ ಹೆರಿಗೆ ಆಸ್ಪತ್ರೆಯ ಎದುರು ಬಂದು ನಿಂತಿತು: ಮಾಸುಗನ್ನಡಿ ಯಂತ್ರಕ್ಕೆ ಹೊದಿಸುವ ಗವಸಿನ ಮೇಲೆ ನವಿಲಿರಬೇಕೋ, ಗಿಳಿಯೋ? ಟಿವಿ, ಮಿಕ್ಸರುಗಳಿಗೂ ಕಸೂತಿಯ ಗವಸು ಹೊಲಿದ ನಾಡು. ಹೊಸ ಯಂತ್ರವನ್ನು ಬರಿಮೈಯಲ್ಲಿ ಬಿಡುವುದುಂಟೆ?

ಅದನ್ನು ಕಂಡುಹಿಡಿದ ನೀಲಾಂಬಿಕೆ ಹೂಗಾರ ಆ ಹೊತ್ತಿಗೆ ರೇಣವ್ವನೆಂಬ ಬಸುರಿಯ ರಕ್ತದ ಹನಿಯನ್ನು ಯಂತ್ರಕ್ಕೆ ಬಿಟ್ಟು ಕಾಯುತ್ತಿದ್ದಳು. ಮಗುವಿಗೆ ಅನ್ನ, ಉಸಿರು ದಾಟಿಸುವ ಮಾಸಿನ ಕಣಗಳು ತಾಯಿಯ ರಕ್ತದಲ್ಲೂ ತೇಲುತ್ತಿರುತ್ತವೆ. ಯಂತ್ರ ಅವನ್ನು ಉಗುರಗಲದ ಗಾಜಿನ ಮೇಲೆ ಬೆಳೆಸಿ, ಮೂರು ಕಿಂಡಿಗಳಿಂದ ರಕ್ತದೊತ್ತಡದ ಮೂರು ಔಷಧಿ ಹಾಯಿಸಿ, ಯಾವುದು ಒಗ್ಗುತ್ತದೆಂದು ಹೇಳುತ್ತಿತ್ತು. ಲೋಕದ ತಾಯಂದಿರಿಗಲ್ಲ, ಈ ಒಬ್ಬ ತಾಯಿಗೆ.

“ಲ್ಯಾಬೆಟಲಾಲ್ ಇಕಿಗೆ ಹತ್ತಂಗಿಲ್ರಿ. ನಿಫೆಡಿಪಿನ್ ಬೇಕು,” ಎಂದಳು ನೀಲಾಂಬಿಕೆ.

ಸೂಪರಿಂಟೆಂಡೆಂಟ್ ಅಂದಾನಪ್ಪನವರು ದಾರದ ಮಾದರಿಗಳಿಂದ ತಲೆಯೆತ್ತಿದರು. “ನಮ್ಮಲ್ಲಿ ಇರೂದು ಲ್ಯಾಬೆಟಲಾಲ್ ಒಂದ, ಮೇಡಂ. ಸರಾಸರಿಯೊಳಗ ಅದ ಫಸ್ಟ್ ಬಂದೈತಿ. ಉಳಿದದ್ದು ತರಸೂದ ಬಿಟ್ಟೀವಿ.”

“ಆ ಸರಾಸರಿ ಹೆಂಗಸು ಯಾವ ವಾರ್ಡಿನ್ಯಾಗ ಅದಾಳ್ರಿ ಸರ? ಕರಸ್ರಿ, ಅಕಿಗೇ ಕೊಡೂಣು.”

ರೇಣವ್ವ ಹಣೆ ಒತ್ತಿಕೊಂಡಳು. “ಅಕ್ಕಾರ, ಕಣ್ಣ ಮುಂದ ಮಿಂಚುಹುಳ ಹಾರ್ತಾವ್ರಿ. ಚೊಚ್ಚಲ ಕೂಸು ಹೋದಾಗೂ ಹಿಂಗ ಆಗಿತ್ತು.”

ನೀಲಾಂಬಿಕೆ ಎದ್ದು ರಸ್ತೆ ದಾಟಿದಳು. ಎದುರಿನ ಔಷಧಿ ಅಂಗಡಿಯಲ್ಲಿ ನಿಫೆಡಿಪಿನ್ ಕೆಮ್ಮಿನ ಮಾತ್ರೆಯ ಪಕ್ಕದಲ್ಲೇ ಕೂತಿತ್ತು. ಅವಳ ಅಜ್ಜಿಯ ಕಾಲದಿಂದಲೂ ಹಾಗೆಯೇ ಕೂತಿತ್ತು. ಹರೆಯವನ್ನೆಲ್ಲ ಸುರಿದು ಕಟ್ಟಿದ ಯಂತ್ರ ಕೊನೆಗೆ ತೋರಿಸಿದ್ದು ಎದುರಿನ ಅಂಗಡಿಯನ್ನು. ಅವಳು ಒಂದು ಪಟ್ಟಿ ಮಾತ್ರೆ ಕೊಂಡು ಮರಳಿದಳು.

“ಹೊರಗಿನ ಔಷಧ ಒಳಗ ತರೂ ಹಂಗಿಲ್ಲ,” ಎಂದರು ಅಂದಾನಪ್ಪ.

“ಬಸುರಿನ್ನ ಹೊರಗ ಒಯ್ದು ನುಂಗಸ್ಲೇನ್ರಿ?”

ಡ್ಯೂಟಿ ಡಾಕ್ಟರು ಅಂದಾನಪ್ಪನವರತ್ತ ನೋಡದೆ ಮಾತ್ರೆ ಕೊಟ್ಟುಬಿಟ್ಟರು. ಒತ್ತಡ ಮೆಲ್ಲಗೆ ಇಳಿಯಿತು. ರೇಣವ್ವ ತಿಂಗಳು ತುಂಬಿ ಹೆಣ್ಣು ಹೆತ್ತಳು; ಇಬ್ಬರೂ ಉಳಿದರು.

ಬಾಣಂತಿಯನ್ನು ನೋಡಲು ಬಂದ ದಿನ ನೀಲಾಂಬಿಕೆಗೆ ಗವಸು ಕಂಡಿತು. ನವಿಲೇ ಗೆದ್ದಿತ್ತು. ಅಂದಾನಪ್ಪನವರ ಹೆಂಡತಿಯ ಕೈಕೆಲಸ, ನಿಜಕ್ಕೂ ಚೆಂದ. ರಕ್ತಕ್ಕೊಂದು ತೂತು, ಔಷಧಿಗೊಂದು ತೂತು.

“ಉಳಿದ ಎರಡು ಕಿಂಡಿ ಎಲ್ಲಿ ಹೋದುವ್ರಿ?”

“ಅಲ್ಲಿ ಗರಿ ಬಂದಾವ್ರಿ, ಮೇಡಂ. ಕತ್ತರಿಸಿದ್ರ ನವಿಲು ಕೆಡತೈತಿ. ಹೆಂಗೂ ಹಾಕೂ ಔಷಧ ಒಂದ ಅಲ್ಲ?”

ಅಂದಿನಿಂದ ನೀರಕಲ್ಲಿನ ಮಾಸುಗನ್ನಡಿ ಪ್ರತಿಯೊಬ್ಬ ಬಸುರಿಗೂ ಲ್ಯಾಬೆಟಲಾಲನ್ನೇ ಆರಿಸುತ್ತಿದೆ.