ಜರಡಿಯಲ್ಲಿ ಉಳಿದ ದನಿ

ಜರಡಿ ಮೊದಲು ಡ್ರಮ್ ತೆಗೆಯಿತು. ಆಮೇಲೆ ಗಿಟಾರು, ಆಮೇಲೆ ಜನರೇಟರಿನ ಗೊರಗೊರ. ಕೊನೆಗೆ ಹಾಡುಗಾರನ ಗಂಟಲನ್ನೂ ಎತ್ತಿ ಪಕ್ಕಕ್ಕಿಟ್ಟಿತು.

"ಅಯ್ಯೋ, ನನ್ನನ್ನೇ ತೆಗೆದುಬಿಟ್ರಲ್ರೀ ಡಾಕ್ಟ್ರೇ!" ಅರವತ್ತಾರರ ಫಣೀಶ ನಕ್ಕರು. "ನಾನಿಲ್ಲದ ಹಾಡಲ್ಲಿ ಇನ್ನೇನಿದೆ?"

"ಇರೋದೇ ಈಗ ಸರ್. ಸ್ವಲ್ಪ ಸುಮ್ನಿರಿ," ಎಂದಳು ಮೇದಿನಿ.

2067ರ ಮೈಸೂರಿನಲ್ಲಿ ಜರಡಿ ಗೊತ್ತಿಲ್ಲದವರಿರಲಿಲ್ಲ. ಪ್ರತಿ ಸದ್ದಿಗೂ ಬೆರಳಚ್ಚಿನ ಹಾಗೆ ಅದರದೇ ಗುರುತಿರುತ್ತದೆ. ಈ ಯಂತ್ರ ಆ ಗುರುತು ಹಿಡಿದು, ಕಲೆತುಹೋದ ಸದ್ದುಗಳನ್ನು ಅಕ್ಕಿಯಿಂದ ಕಲ್ಲು ಆರಿಸಿದಂತೆ ಬಿಡಿಸುತ್ತಿತ್ತು. ಜನ ಹಳೇ ಮದುವೆ ವಿಡಿಯೊ ತಂದು, ವಾಲಗದ ಅಡಿ ಹೂತುಹೋಗಿದ್ದ ಅಮ್ಮನ ಮಾತು ಕೇಳಿಸಿಕೊಂಡು ಅಳುತ್ತಿದ್ದರು. ಜರಡಿ ಕಟ್ಟಿದವಳು ಮೇದಿನಿ. ಕಟ್ಟುವಾಗ ಅವಳ ತಲೆಯಲ್ಲಿದ್ದದ್ದು ಇದೊಂದೇ ಹಾಡು.

'ಬಿಟ್ಟು ಹೊರಡು, ಬಿಟ್ಟು ಹೊರಡು, ಸಿಗ್ನಲ್ ಸಿಗದ ಬೆಟ್ಟಕೆ!' ಫಣೀಶರ ರಾಕ್ ಬ್ಯಾಂಡು 'ಸೀಳುನಾಯಿ' 2026ರಲ್ಲಿ ಮಂಜುಕಲ್ಲು ಬೆಟ್ಟದ ತುದಿಯಲ್ಲೇ ನಿಂತು ರೆಕಾರ್ಡ್ ಮಾಡಿದ ಹಾಡು. ಹತ್ತು ವರ್ಷದವಳಿದ್ದಾಗ ಅದನ್ನು ಕೇಳಿಯೇ ಮೇದಿನಿಗೆ ಕಾಡಿನ ಹುಚ್ಚು ಹತ್ತಿದ್ದು. ಲಕ್ಷಾಂತರ ಜನರಿಗೂ ಹತ್ತಿತು. ಎಲ್ಲರೂ ನಿಜಕ್ಕೂ ಹೊರಟರು, ಕಾರಿನಲ್ಲಿ. ಹಿಂದೆಯೇ ರಸ್ತೆ ಬಂತು, ಪಾರ್ಕಿಂಗ್ ಬಂತು, ರೆಸಾರ್ಟ್ ಬಂತು. ಈಗ ಅಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತದೆ.

ಸಿಗದಿರುವುದು ಹೊನ್ನಗಂಟಲು. ಆ ಬೆಟ್ಟ ಬಿಟ್ಟು ಇನ್ನೆಲ್ಲೂ ಇರದಿದ್ದ, ಗುಬ್ಬಿ ಗಾತ್ರದ ಹಕ್ಕಿ. ಕೊನೆಯ ಗೂಡುಗಳಿಂದ ತಂದ ಮೊಟ್ಟೆಗಳಲ್ಲಿ ಮೇದಿನಿಯ ಲ್ಯಾಬಿನಲ್ಲಿ ಬದುಕಿದ್ದು ಐದೇ ಮರಿ. ಮೂರು ಗಂಡು, ಎರಡು ಹೆಣ್ಣು. ಗಂಡು ಹಾಡು ಕಲಿಯುವುದು ಅಪ್ಪನಿಂದ. ಇವಕ್ಕೆ ಅಪ್ಪನೇ ಇರಲಿಲ್ಲ. ಹಾಡು ಬರದ ಗಂಡನ್ನು ಹೆಣ್ಣು ತಿರುಗಿಯೂ ನೋಡುತ್ತಿರಲಿಲ್ಲ. ಅವಕ್ಕೂ ವಯಸ್ಸಾಗುತ್ತಿತ್ತು, ಮೊಟ್ಟೆಯಿಡಲು ಇದೇ ಕೊನೆಯ ವರ್ಷ. ಬೆಟ್ಟದಲ್ಲಿದ್ದ ಆ ಹಕ್ಕಿಯ ದನಿ ಜಗತ್ತಿನಲ್ಲಿ ಉಳಿದಿದ್ದದ್ದು ಒಂದೇ ಕಡೆ, ಈ ಹಾಡಿನ ಅಡಿಯಲ್ಲಿ.

"ನಲವತ್ತು ವರ್ಷದಿಂದ ಬಡ್ಕೋತಾ ಇದೀನಿ, ಒಬ್ರೂ ನಂಬಲಿಲ್ಲ," ಎಂದರು ಫಣೀಶ. "ನಾವು ಜೋರಾಗಿ ಬಾರಿಸಿದಷ್ಟೂ ಅದೂ ಜೋರಾಗಿ ಹಾಡ್ತು. ನಮ್ಮ ನಾಲ್ಕು ಜನರ ಬ್ಯಾಂಡಿಗೆ ಐದನೇ ಮೆಂಬರ್ ರೀ ಅದು!"

ಅಷ್ಟರಲ್ಲಿ ಕೇಳಿಸಿತು. ಚಿಟ್-ಚಿಟ್-ಚೀ. ಈಗಷ್ಟೇ ಕಿಟಕಿಗೆ ಬಂದು ಕೂತಂತೆ, ಅಷ್ಟು ಸ್ವಚ್ಛ. ಮೇದಿನಿಯ ಮೈ ಜುಮ್ಮೆಂದಿತು. ಪಂಜರದ ಕೋಣೆಯ ಸ್ಪೀಕರ್ ಗುಂಡಿ ಒತ್ತಿದಳು.

ಗಾಜಿನಾಚೆ ಐದೂ ಹಕ್ಕಿಗಳು ದೊಪ್ಪನೆ ನೆಲಕ್ಕಿಳಿದು, ರೆಕ್ಕೆ ಅವುಚಿಕೊಂಡು ಕಲ್ಲಾದವು. ಒಂದು ಹೆಣ್ಣು ಕೊಕ್ಕಿನಲ್ಲಿದ್ದ ಕಾಳನ್ನು ಅಲ್ಲೇ ಬಿಟ್ಟಿತ್ತು.

"ಏನದು, ನಾಚಿಕೆನಾ?"

"ಹೆದರಿಕೆ ಸರ್." ಮೇದಿನಿ ಸ್ಪೀಕರ್ ಆರಿಸಿದಳು. "ಇದು ಹಾಡಲ್ಲ. ಇವು ಹೀಗೆ ಕಲ್ಲಾಗಿ ಕೂರೋದು ನೋಡಿದ್ರೆ, ಗೂಡಿನ ಹತ್ರ ಹಾವು ಬಂದಾಗ ಕೂಗೋ ಕೂಗು. ಇದನ್ನ ಯಾರೂ ಕಲಿಸಬೇಕಾಗಿಲ್ಲ, ಹುಟ್ಟುತ್ತಲೇ ಗೊತ್ತಿರತ್ತೆ. ನಿಮ್ಮ ಆಂಪ್ಲಿಫೈಯರ್ ಪಕ್ಕದಲ್ಲೇ ಗೂಡಿತ್ತು ಅನ್ಸತ್ತೆ. ನಾಲ್ಕು ನಿಮಿಷ ಪೂರ್ತಿ ಹೀಗೇ ಕೂಗಿದೆ."

ಮೇದಿನಿ ಅವರತ್ತ ತಿರುಗಿದಳು.

"ಅದಕ್ಕೆ ಮುಂಚಿನ ರೆಕಾರ್ಡಿಂಗ್ ಏನಾದ್ರೂ ಇದೆಯಾ ಸರ್? ಜನರೇಟರ್ ಹಾಕೋಕೆ ಮುಂಚೆ?"

"ಹಾಡ್ತಿತ್ತಮ್ಮ," ಎಂದರು ಫಣೀಶ. "ನಾವು ಹೋದಾಗ ಬೇರೆ ಥರ ಹಾಡ್ತಿತ್ತು. ಎಷ್ಟು ಚೆನ್ನಾಗಿ! ನಮ್ಮ ಸೌಂಡ್ ಇಂಜಿನಿಯರ್ ಕೈ ಎತ್ತಿ ತಡೆದ. ಟೇಕ್ ಹಾಳಾಗತ್ತೆ, ಹಕ್ಕಿ ಮುಗಿಸಲಿ ಅಂದ. ಅರ್ಧ ಗಂಟೆ ಕಾದ್ವಿ. ಅದು ಸುಮ್ಮನಾದ ಮೇಲೇ ರೆಕಾರ್ಡ್ ಒತ್ತಿದ್ದು."

ಮೇದಿನಿ ಮೈಕನ್ನು ಅವರ ಮುಂದೆ ಎಳೆದಳು. "ನೀವು ಕೇಳಿದೀರಲ್ಲ. ಹಾಡುಗಾರರು ನೀವು. ಒಂದೇ ಒಂದು ಸಲ ಗುನುಗಿ ಸರ್."

ಫಣೀಶ ಕಣ್ಣು ಮುಚ್ಚಿದರು. ಗುನುಗಿದರು. ಬಂದದ್ದು 'ಬಿಟ್ಟು ಹೊರಡು'. ತಲೆ ಕೊಡವಿ ಮತ್ತೆ ಶುರು ಮಾಡಿದರು, ಅದೇ ಬಂತು. ಮೂರನೇ ಸಲ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

ಹಕ್ಕಿಗಳಿನ್ನೂ ನೆಲ ಬಿಟ್ಟು ಎದ್ದಿರಲಿಲ್ಲ. ಪರದೆಯ ಮೂಲೆಯಲ್ಲಿ ರೆಕಾರ್ಡಿಂಗಿನ ಹೊತ್ತು ಮಿನುಗುತ್ತಿತ್ತು: 2026, ಬೆಳಿಗ್ಗೆ 7.40. ಅದಕ್ಕೂ ಸ್ವಲ್ಪ ಮುಂಚೆ ಮಂಜುಕಲ್ಲು ಬೆಟ್ಟದಲ್ಲಿ ಒಂದು ಹಕ್ಕಿ ಮನಸಾರೆ ಹಾಡುತ್ತಿತ್ತು. ಐದು ಜನ ಮತ್ತೆ ಮತ್ತೆ ಗಡಿಯಾರ ನೋಡುತ್ತ, ಅದು ನಿಲ್ಲಲಿ ಎಂದು ಕಾಯುತ್ತಿದ್ದರು.