ಕಂಬದ ಮರೆಯ ಮುಖ

“ಅಷ್ಟು ಮಂದಿ ಇದ್ದಾರಲ್ರೀ ಆ ಫೋಟೊದಾಗ! ನನ್ನ ಮಾರಿ ಮ್ಯಾಲೇ ಯಾಕ ನಿಲ್ಲಿಸೀರಿ?”

ಗಾಜಿಪುರದ ಆ ಇಕ್ಕಟ್ಟು ಸ್ಟುಡಿಯೊದ ಬಾಗಿಲಲ್ಲೇ ನಿಂತು ಸೂಗಮ್ಮ ಕೇಳಿದಳು. ಕೈಯಲ್ಲಿದ್ದ ಸಿಡಿಯನ್ನು ಮುಂದೆ ಚಾಚಿದಳು. ಕಮಲಾಪುರದಿಂದ ಬಸ್ಸಿನಲ್ಲಿ ಬರುವಾಗ ಹತ್ತು ಸಲ ಬಾಯಿಪಾಠ ಮಾಡಿಕೊಂಡ ಮಾತು.

ಕಂಪ್ಯೂಟರ್ ಮುಂದೆ ಕೂತಿದ್ದ ನಿಂಗಣ್ಣ ಎದ್ದು ನಿಂತ. ಮೂರು ವಾರದ ಹಿಂದೆ ಅವಳ ತಮ್ಮ ನಾಗಣ್ಣನ ಮದುವೆಯ ವಿಡಿಯೊ ತೆಗೆದವನೂ ಅವನೇ, ಅದನ್ನು ಕೂಡಿಸಿ ಸಿಡಿ ಮಾಡಿದವನೂ ಅವನೇ.

“ಕೂಡ್ರಿ…”

“ಕೂಡಾಕ ಬಂದಿಲ್ಲ! ಮನಿ ಮಂದಿ ಎಲ್ಲಾ ಟಿವಿ ಮುಂದ ಕುಂತಿದ್ರು. ಸಿಡಿಯಾಗ ಆ ಗುಂಪಿನ ಫೋಟೊ ಸರೀತಾ ಸರೀತಾ ಬಂತು, ನನ್ನ ಹತ್ರ ಬಂದು ನಿಂತೇ ಬಿಡ್ತು. ಆಮ್ಯಾಲ ಒಂದೇ ಓಟ. ನಮ್ಮ ಪುತಳಾಬಾಯಿ ಅತ್ತಿ ಏನಂದ್ಲು ಗೊತ್ತೇನ್ರಿ? ಗಂಡನ್ನ ನುಂಗಿದ್ದು ಸಾಲ್ದು ಅಂತ ತಮ್ಮನ ಮದುವಿಗೂ ಅಡ್ಡ ನಿಂತಾಳ ಅಂದ್ಲು!”

ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ!

ಸೂಗಮ್ಮನಿಗೆ ಇನ್ನೂ ಇಪ್ಪತ್ತಾರು. ಗಂಡ ತೀರಿಕೊಂಡು ನಾಲ್ಕು ವರ್ಷ. ತವರಿನಲ್ಲಿ ರವಿಕೆ ಹೊಲಿಯುತ್ತಾ, ಶುಭಕಾರ್ಯದ ದಿನ ಅಡುಗೆಮನೆಯ ಹೊಸ್ತಿಲು ದಾಟದೆ ಬದುಕಿದವಳು. ತಮ್ಮ ಹಟ ಹಿಡಿದು ಎಳೆದು ತಂದಿದ್ದಕ್ಕೆ ಆ ಒಂದು ಫೋಟೊದಲ್ಲಿ, ಕಂಬದ ಮರೆಯಲ್ಲಿ, ಅರ್ಧ ಮುಖ ತೋರಿಸಿ ನಿಂತಿದ್ದಳು.

ನಿಂಗಣ್ಣ ಫೋಟೊ ತೆರೆದ. ಅದರ ಕೆಳಗಿನ ಗೆರೆಯ ಮೇಲೆ ಮೂರು ಸಣ್ಣ ಚುಕ್ಕಿಗಳಿದ್ದವು.

“ಇವಕ್ಕ ಕೀಫ್ರೇಮ್ ಅಂತಾರ್ರಿ. ಎಲ್ಲಿಂದ ಹೊರಡಬೇಕು, ಎಲ್ಲಿ ಮುಟ್ಟಬೇಕು, ಎರಡು ಗುರುತು ಹಾಕಿದ್ರ ಸಾಕು. ನಡುವಿನ ದಾರಿ ಕಂಪ್ಯೂಟರೇ ಒಂದೇ ವೇಗದಾಗ ನಡೀತದ, ನಾನ್‌ಸ್ಟಾಪ್ ಬಸ್ಸಿನಂಗ. ನಡುವ ಇನ್ನೊಂದು ಹಾಕಿದ್ರ ಮುಗೀತು. ಅಲ್ಲಿ ತನಕ ಮೆಲ್ಲಕ, ಅಲ್ಲಿ ನಿಂತಂಗ, ಆಮ್ಯಾಲ ಓಟ.”

“ಹಂಗಾದ್ರ ಆ ನಡುವಿನದನ್ನ ಯಾರ್ ಹಾಕಿದ್ರು?”

“…ನಾನೇ ರೀ.”

“ಯಾಕ? ಕನಿಕರಾನೋ, ಚ್ಯಾಷ್ಟಿನೋ?”

ಬಾಯಿಗೆ ಬಂದದ್ದನ್ನು ನಿಂಗಣ್ಣ ನುಂಗಿಕೊಂಡ. ಪಕ್ಕದಲ್ಲಿ ಮಾಲೀಕ ಕರೀಂಸಾಬ್, ಬಾಗಿಲಲ್ಲಿ ಗಿರಾಕಿಗಳು. ಈಗ ಒಂದು ಮಾತಾಡಿದರೆ ಅದು ಅವಳಿಗಿಂತ ಮೊದಲೇ ಕಮಲಾಪುರ ಮುಟ್ಟುತ್ತದೆ!

“ತಪ್ಪಾಗ್ಯಾದ್ರಿ. ತೆಗೀತೀನಿ.”

ನಡುವಿನ ಚುಕ್ಕಿ ಅಳಿಸಿದ. ಹೊರಡುವಲ್ಲಿ, ನಿಲ್ಲುವಲ್ಲಿ ಇದ್ದ ವೇಗದ ಏರಿಳಿತವನ್ನೂ ತೆಗೆದು ನೇರ ಮಾಡಿದ. ಈಗ ಫೋಟೊ ಕಾಲುವೆಯ ನೀರಿನಂತೆ ಸರಾಗವಾಗಿ ಹರಿಯಿತು. ಅತ್ತೆ ಬಂದಳು, ಹೋದಳು. ಬೀಗರು ಬಂದರು, ಹೋದರು. ಕಂಬ… ಅರ್ಧ ಮುಖ… ಸೂಗಮ್ಮ ಕಣ್ಣು ಮಿಟುಕಿಸುವಷ್ಟರಲ್ಲಿ ಅವಳ ಮುಖವೂ ದಾಟಿ ಹೋಗಿತ್ತು.

ಬಂದದ್ದು ಇದಕ್ಕೇ ತಾನೇ? ಆದರೂ ಎದೆಯೊಳಗೆ ಏನೋ ಹರಿದಂತಾಯಿತು.

‘ಇಷ್ಟೇನಾ ನಾನು? ಯಾಕೆ ಅಂದ ಕೂಡಲೇ ಅಳಿಸಿಬಿಟ್ಟನಲ್ಲ…’

ಹಳೆಯ ಸಿಡಿಯನ್ನು ಮೇಜಿನ ಮೇಲೆ ಬಿಟ್ಟು, ಅವನು ಮಾಡಿಕೊಟ್ಟ ಹೊಸದನ್ನು ಹಿಡಿದು ತಿರುಗಿಯೂ ನೋಡದೆ ಹೊರಟಳು. ಅವಳ ಕಣ್ಣಲ್ಲಿ ನೀರಿದ್ದುದನ್ನು ಅವನು ಕಂಡ, ಸಿಟ್ಟೆಂದು ತಿಳಿದ.

ಆರು ತಿಂಗಳು ಕಳೆಯಿತು. ನಾಗಣ್ಣನ ಹೆಂಡತಿ ಸಾಬಮ್ಮನ ಬಸಿರು ಮೂರನೇ ತಿಂಗಳಲ್ಲೇ ಇಳಿದುಹೋಯಿತು. ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಮನೆಮಂದಿಯೆಲ್ಲ ಅತ್ತರು. ಸೂಗಮ್ಮ ಮಾತ್ರ ಅಳಲಿಲ್ಲ. ಅವಳಿಗೆ ಅಳುವುದಕ್ಕೂ ಭಯ.

ಯಾಕೆಂದರೆ ಆ ಮದುವೆಯ ದಿನ ಅವಳೊಂದು ಕಳ್ಳತನ ಮಾಡಿದ್ದಳು. ಅಕ್ಷತೆಯ ತಟ್ಟೆಯಿಂದ ಒಂದು ಹಿಡಿ ಅಕ್ಕಿಕಾಳು ತೆಗೆದು ಸೆರಗಿನಲ್ಲಿ ಬಚ್ಚಿಟ್ಟು, ತಾಳಿ ಕಟ್ಟುವ ಹೊತ್ತಿಗೆ ಅಡುಗೆಮನೆಯ ಬಾಗಿಲ ಮರೆಯಿಂದ ಹಾಕಿದ್ದಳು. ಗಂಡ ಸತ್ತವಳು ಹಾಕಬಾರದ ಅಕ್ಕಿಕಾಳು! ತಮ್ಮನೇ ತಾನೇ, ಎತ್ತಿ ಆಡಿಸಿದ ತಮ್ಮ… ಮನಸ್ಸು ತಡೆದಿರಲಿಲ್ಲ.

‘ನನ್ನ ಕೈಯಿಂದಲೇ ಆಯಿತು. ನಾನೇ ಆ ಕೂಸನ್ನು ತಿಂದೆ!’

ಹತ್ತು ದಿನ ಸಾಬಮ್ಮನ ಹತ್ತಿರ ಸುಳಿಯಲಿಲ್ಲ. ಅವಳ ಗಂಜಿಯ ತಟ್ಟೆಯನ್ನೂ ಮುಟ್ಟಲಿಲ್ಲ. ಹನ್ನೊಂದನೆಯ ದಿನ ನೆನಪಾಯಿತು, ಸಿಡಿಯಲ್ಲಿ ಕಾಣದಿದ್ದರೇನು, ಆ ಬಾಗಿಲು ಕ್ಯಾಮೆರಾದ ಎದುರಿಗೇ ಇತ್ತು!

ಸ್ಟುಡಿಯೊ ಮುಟ್ಟಿದಾಗ ಶುಕ್ರವಾರದ ಮಧ್ಯಾಹ್ನ. ಕರೀಂಸಾಬ್ ನಮಾಜಿಗೆ ಹೋಗಿದ್ದರು.

“ನಮ್ಮ ತಮ್ಮನ ಮದುವಿ ತಗದ ಕ್ಯಾಮೆರಾ ಕ್ಯಾಸೆಟ್ ಇದ್ರ ಸುಟ್ಟುಬಿಡ್ರಿ!”

ನಿಂಗಣ್ಣ ಅವಳನ್ನೇ ನೋಡಿದ. ಎಷ್ಟು ಬಡವಾಗಿದ್ದಾಳೆ!

“ಅಕ್ಕಿಕಾಳು ಹಾಕಿದ್ದಕ್ಕೇನ್ರಿ?” ಮೆಲ್ಲಗೆ ಕೇಳಿದ.

ಸೂಗಮ್ಮ ಹೊರಗೆ ಬೀದಿಯ ಕಡೆ ನೋಡಿದಳು. “ನೀವು… ನೋಡೀರಿ?”

“ನೋಡೀನಿ. ಮಂದಿ ಕಣ್ಣಿಗೆ ಬಿದ್ರ ನಿಮ್ಮನ್ನ ಉಳಿಸ್ತಿರಲಿಲ್ಲ ಅಂತ ಸಿಡಿಯೊಳಗಿಂದ ಕತ್ತರಿಸಿ ತಗದೀನಿ. ಆದ್ರ ಸುಡಾಕ ಮನಸಾಗಲಿಲ್ಲ.”

ಅವಳು ಎಲ್ಲ ಹೇಳಿಕೊಂಡಳು. ಹೋದ ಬಸಿರು, ತನ್ನ ಕೈ, ತನ್ನ ಪಾಪ. ಅವನು ಆ ತುಣುಕನ್ನು ಹಾಕಿ ತೋರಿಸಿದ.

ಚಪ್ಪರದ ತುಂಬ ಜನ. ಒಬ್ಬರು ನಗುತ್ತಾ, ಒಬ್ಬರು ಹರಟುತ್ತಾ ಅಕ್ಕಿಕಾಳು ಎಸೆಯುತ್ತಿದ್ದರು. ಪುತಳಾಬಾಯಿಯಂತೂ ಪಕ್ಕದವಳ ಸೀರೆ ಮುಟ್ಟಿ ನೋಡುತ್ತಲೇ ಎಸೆದಳು. ದೂರದ ಬಾಗಿಲ ಮರೆಯಲ್ಲಿ ಒಬ್ಬಳು ಕಣ್ಣು ಮುಚ್ಚಿ ನಿಂತಿದ್ದಳು. ತುಟಿ ಅಲುಗಿತು, ಮುಷ್ಟಿ ತೆರೆಯಿತು. ಕಾಳು ಎರಡು ಹೆಜ್ಜೆಯಾಚೆ ನೆಲಕ್ಕೆ ಬಿದ್ದವು. ಅವಳು ಬಗ್ಗಿ, ಯಾರೂ ತುಳಿಯದ ಹಾಗೆ, ಒಂದೊಂದನ್ನೇ ಆರಿಸಿ ಮತ್ತೆ ಸೆರಗಿಗೆ ಹಾಕಿಕೊಂಡಳು.

“ಅಷ್ಟು ಮಂದಿಯೊಳಗ ಕಣ್ಣು ಮುಚ್ಚಿ ಬೇಡ್ಕೊಂಡಾಕಿ ನೀವೊಬ್ಬರೇ ರೀ. ಇಂಥ ಕೈಯಿಂದ ಕೇಡಾಗ್ತದೇನು?”

ಸೂಗಮ್ಮ ಅಲ್ಲೇ ನೆಲದ ಮೇಲೆ ಕೂತಳು. ಹತ್ತು ದಿನ ತಡೆದ ಅಳು, ನಾಲ್ಕು ವರ್ಷದ ಅಳು… ಹುಟ್ಟದೆ ಹೋದ ಕೂಸಿಗಾಗಿ, ತನಗಾಗಿ, ಬಿಕ್ಕಿಬಿಕ್ಕಿ ಅತ್ತಳು. ಅವನು ಒಂದು ಲೋಟ ನೀರು ತಂದಿಟ್ಟು ದೂರ ನಿಂತ.

“ಆ ನಡುವಿನ ಗುರುತು…” ಅವನ ದನಿ ತಗ್ಗಿತು. “ಕನಿಕರ ಅಲ್ರಿ. ಫೋಟೊ ಸರಿಸುವಾಗ ನಿಮ್ಮ ಮಾರಿ ಬಂತು. ಎಲ್ಲರನ್ನ ದಾಟಿದಂಗ ನಿಮ್ಮನ್ನ ದಾಟಿ ಹೋಗಾಕ ನನ್ನ ಕೈಲಾಗಲಿಲ್ಲ.”

“ಅವತ್ತೇ ಯಾಕ ಹೇಳಲಿಲ್ರಿ?”

“ಹೇಳಿದ್ರ ನಿಮ್ಮ ಹೆಸರು ಮಂದಿ ಬಾಯಾಗ ಬೀಳ್ತಿತ್ತು. ನೀವು ಹೂಂ ಅಂದ್ರ ನಮ್ಮ ಮದುವಿ ಮಾತು ನಾಗಣ್ಣನ್ನ ಕೇಳ್ತೀನಿ. ಎರಡನೇ ಸಂಬಂಧ ಅಂದ್ರ ಕತ್ತಲದಾಗ ಸದ್ದಿಲ್ಲದ ಒಂದು ಸೀರಿ ಉಡಿಸಿ ಉಡಿಕಿ ಮಾಡಿ ಮುಗಸ್ತಾರ. ನನಗ ಅದು ಬ್ಯಾಡ. ಹಗಲಿನಾಗ, ಎಲ್ಲರ ಎದುರಿಗೆ. ಒಲ್ಲೆ ಅಂದ್ರ… ಮತ್ತ ಈ ಮಾತು ಎತ್ತಂಗಿಲ್ಲ.”

ಸೂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

“ಮೊದಲ ಮನಿಗೆ ಹೋಗಿ ಸಾಬಮ್ಮಗ ನನ್ನ ಕೈಯಾರೆ ಗಂಜಿ ಕುಡಸ್ಬೇಕ್ರಿ.”

ನಿಂಗಣ್ಣ ತಲೆಯಾಡಿಸಿದ. ಮುಂದೆ ಕೇಳಲು ಅವನಿಗೆ ಧೈರ್ಯ ಬರಲಿಲ್ಲ.

ಬಾಗಿಲಲ್ಲಿ ಅವಳು ನಿಂತಳು. ತಿರುಗದೆಯೇ ಹೇಳಿದಳು.

“ಸೋಮವಾರ ನಮ್ಮ ನಾಗಣ್ಣ ಮನ್ಯಾಗ ಇರ್ತಾನ.”

“ಬರ್ತೀನ್ರಿ!… ಏನರೆ ತರಬೇಕೇನು?”

“ಆ ಹಳೇ ಸಿಡಿ ತರ್ರಿ. ಫೋಟೊ ನನ್ನ ಹತ್ರ ನಿಲ್ತದಲ್ಲ, ಅದು. ಈ ಸಲ ಎಲ್ಲರ ಮುಂದ ಕುಂತು ನೋಡ್ತೀನಿ.”